ಪ್ರಯೋಗಾಲಯದಲ್ಲಿ ಕಲಾವಿದರಿಗೇನು ಕೆಲಸ?

ಬ್ರಿಟನ್ನಿನ ಕಲಾವಿದೆ ಆ್ಯನಾ ಡುಮಿಟ್ರಿಯು ಅವರ ‘ಮೇಕ್ ಡೂ ಆ್ಯಂಡ್ ಮೆಂಡ್’ ಎಂಬ ಕೃತಿ ಮೊದಲ ನೋಟಕ್ಕೆ ಹೆಂಗಸರ ಒಂದು ಹಳೆಯ ಸೂಟು. ಎರಡನೇ ಮಹಾಯುದ್ಧದ ಕಾಲದ್ದು. ಬಟ್ಟೆಗೂ ರೇಷನ್ ಇದ್ದ ಆ ದಿನಗಳಲ್ಲಿ ಅಲ್ಲಿನ ಸರ್ಕಾರ ಹಾಕಿಸುತ್ತಿದ್ದ ‘ಸಿಸಿ41’ ಮುದ್ರೆ ಅದರ ಮೇಲಿದೆ. ತೂತು ಬಿದ್ದಲ್ಲಿ, ಕಲೆಯಾದಲ್ಲಿ ರೇಷ್ಮೆಯ ತೇಪೆ ಹಾಕಿದ್ದಾರೆ. ತೇಪೆಯ ಮೇಲಿನ ಗುಲಾಬಿ ಚಿತ್ತಾರ ಇ. ಕೋಲಿ ಬ್ಯಾಕ್ಟೀರಿಯಾ ಬೆಳೆದು ಮೂಡಿಸಿದ್ದು. ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯ ಸಾರಾ ಗೋಲ್ಡ್‌ಬರ್ಗ್ ಮತ್ತು ರೋಯಿ ಅಮಿತ್ ಅವರ ಜೊತೆ ಸೇರಿ ಡುಮಿಟ್ರಿಯು ಆ ಬ್ಯಾಕ್ಟೀರಿಯಾದ ಜೀನೋಮನ್ನು ಜೀನ್ ತಿದ್ದುವ ಕ್ರಿಸ್ಪರ್ ತಂತ್ರದಿಂದ ತಿದ್ದಿದರು. ಆಂಪಿಸಿಲಿನ್ ಔಷಧಕ್ಕೆ ಬಗ್ಗದಂತೆ ಮಾಡುವ ಜೀನನ್ನು ತೆಗೆದುಹಾಕಿ, ಆ ಜಾಗದಲ್ಲಿ ಯುದ್ಧಕಾಲದ ಘೋಷಣೆಯೊಂದನ್ನು ಡಿಎನ್‌ಎ ಅಕ್ಷರಗಳಲ್ಲಿ ಬರೆದು ಜೋಡಿಸಿದರು. ಇರುವುದರಲ್ಲೇ ನಿಭಾಯಿಸಿ, ಹರಿದದ್ದನ್ನು ಹೊಲಿದುಕೊಳ್ಳಿ ಎಂದು ಗೃಹಿಣಿಯರಿಗೆ ಸರ್ಕಾರ ಹೇಳುತ್ತಿದ್ದ ಮಾತು ಅದು. ಆಂಪಿಸಿಲಿನ್ನಿನ ಬಗೆಯದೇ ಆದ ಪೆನಿಸಿಲಿನ್ನನ್ನು ಮೊದಲು ರೋಗಿಯೊಬ್ಬನಿಗೆ ಚಿಕಿತ್ಸೆಯಾಗಿ ಕೊಟ್ಟದ್ದೂ ಅದೇ ಯುದ್ಧದ ನಡುವೆ, 1941ರಲ್ಲಿ. ಆಕ್ಸ್‌ಫರ್ಡ್‌ನ ಆ ಪೊಲೀಸ್ ಪೇದೆ ಚೇತರಿಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಔಷಧ ಮುಗಿಯಿತು, ಆತ ಉಳಿಯಲಿಲ್ಲ. ಇಂದು ಆ ಬಗೆಯ ಔಷಧಗಳು ಯಥೇಚ್ಛವಾಗಿವೆ, ಅವಕ್ಕೆ ಬಗ್ಗದ ಸೂಕ್ಷ್ಮಾಣುಗಳೂ ಅಷ್ಟೇ ಹೆಚ್ಚಿವೆ. ಡುಮಿಟ್ರಿಯು ಮಾಡಿದ ತಿದ್ದುಪಡಿಯಿಂದ ಯಾವ ರೋಗಿಗೂ ಗುಣವಾಗುವುದಿಲ್ಲ. ಆದರೆ ಎಂಬತ್ತು ವರ್ಷಗಳಲ್ಲಿ ನಾವು ಹರಿದುಕೊಂಡದ್ದೇನು, ಅದಕ್ಕೆ ಎಂಥ ತೇಪೆ ಹುಡುಕುತ್ತಿದ್ದೇವೆ ಎಂಬುದು ಆ ಸೂಟಿನ ಮುಂದೆ ನಿಂತವರಿಗೆ ಒಂದೇ ನೋಟದಲ್ಲಿ ತಾಕುತ್ತದೆ.

ಜೀನ್ ತಂತ್ರಜ್ಞಾನದ ಸುತ್ತ ಕಲಾವಿದರೂ ವಿಜ್ಞಾನಿಗಳೂ ಕೂಡಿ ಮಾಡುತ್ತ ಬಂದ ಕೆಲಸಕ್ಕೆ ಈಗ ಸುಮಾರು ನಾಲ್ಕು ದಶಕಗಳ ಇತಿಹಾಸವಿದೆ. ಜೆನ್ನಿಫರ್ ಡೌಡ್ನಾ ಮತ್ತು ಎಮ್ಯಾನುಯೆಲ್ ಶಾರ್ಪೆಂಟಿಯೆ 2012ರಲ್ಲಿ ಕ್ರಿಸ್ಪರ್ ಕುರಿತ ತಮ್ಮ ಪ್ರಬಂಧ ಪ್ರಕಟಿಸಿ, 2020ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೇಲೆ ಇಂಥ ಕೂಡುಕೆಲಸಕ್ಕೆ ಸಂಸ್ಥೆಗಳ ಬೆಂಬಲವೂ ಕೂಡಿಬಂದಿದೆ. ಕಲಾವಿದರನ್ನು ಏಕೆ ಕರೆಯುತ್ತೀರಿ ಎಂದು ಕೇಳಿದರೆ ಸಂಸ್ಥೆಗಳು ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ: ಕಠಿಣ ವಿಜ್ಞಾನವನ್ನು ಜನರಿಗೆ ಮುಟ್ಟಿಸುವುದಕ್ಕೆ. ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ಮುಟ್ಟಿಸುವ ಕೆಲಸವನ್ನು ಒಳ್ಳೆಯ ಶಿಕ್ಷಕರು, ವಿಜ್ಞಾನ ಲೇಖಕರು ಇನ್ನೂ ಚೆನ್ನಾಗಿ ಮಾಡುತ್ತಾರೆ. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದಾಗ ಅವರಿಗೆ ಪ್ರಯೋಗಾಲಯದ ಆಹ್ವಾನ ಬೇಕಿರಲಿಲ್ಲ. ಕಲಾವಿದರು ಪ್ರಯೋಗಾಲಯದ ಒಳಗೇ ಬೇಕಾಗುವುದು ಬೇರೆ ಕಾರಣಕ್ಕೆ. ಯಾವ ಜೀವಿಯನ್ನು ತಿದ್ದಬೇಕು, ಯಾರಿಗಾಗಿ, ಯಾರ ದುಡ್ಡಿನಲ್ಲಿ, ತಪ್ಪಿದರೆ ಹೊಣೆ ಯಾರದು ಎಂಬ ನಿರ್ಧಾರಗಳೆಲ್ಲ ಅಲ್ಲಿ ಬಹಳ ಮೊದಲೇ ಆಗಿಹೋಗುತ್ತವೆ. ಸುದ್ದಿ ಹೊರಬರುವ ಹೊತ್ತಿಗೆ ಜನರಿಗೆ ಉಳಿಯುವುದು ಹೂಂ ಅನ್ನುವುದು ಅಥವಾ ಊಹೂಂ ಅನ್ನುವುದು ಮಾತ್ರ. ಆ ನಿರ್ಧಾರಗಳು ಇನ್ನೂ ಹಸಿಯಾಗಿರುವಾಗಲೇ ಅವನ್ನು ಕಣ್ಣಿಗೆ, ಮೂಗಿಗೆ, ಕೈಗೆ ಸಿಗುವಂತೆ ಮಾಡುವುದು ಕಲಾವಿದರಿಗೆ ಸಾಧ್ಯ. ಆದರೆ ಒಂದು ಷರತ್ತಿದೆ: ಕರೆದ ಮನೆಯವರನ್ನೇ ವಿರೋಧಿಸುವ ಸ್ವಾತಂತ್ರ್ಯ ಅವರಿಗೆ ಇರಬೇಕು. ಈ ಸ್ವಾತಂತ್ರ್ಯ ಇದ್ದಲ್ಲಿ ಒಳ್ಳೆಯ ಕೃತಿಗಳು ಬಂದಿವೆ, ಇಲ್ಲದಲ್ಲಿ ಅಲಂಕಾರ ಮಾತ್ರ ಬಂದಿದೆ.

ಒಳಗೆ ಕೂತು ಕೈಯಾರೆ ಕೆಲಸ ಮಾಡಿದವರಿಗೆ ಏನು ತಿಳಿಯುತ್ತದೆ ಎಂಬುದಕ್ಕೆ ಕ್ರಿಸ್ಪರ್‌ನ ಕೆಲಸದ ಬಗೆಯನ್ನೇ ನೋಡಬಹುದು. ಗೈಡ್ ಆರ್‌ಎನ್‌ಎ ಎಂಬ ಸಣ್ಣ ಎಳೆ ಜೀನೋಮಿನಲ್ಲಿ ತನಗೆ ಹೊಂದುವ ಜಾಗ ಹುಡುಕುತ್ತದೆ, ಕ್ಯಾಸ್9 ಎಂಬ ಪ್ರೋಟೀನು ಅಲ್ಲಿ ಡಿಎನ್‌ಎಯನ್ನು ಕತ್ತರಿಸುತ್ತದೆ. ಅದರ ಕೆಲಸ ಅಲ್ಲಿಗೆ ಮುಗಿಯಿತು. ಕತ್ತರಿಸಿದ್ದನ್ನು ಮತ್ತೆ ಕೂಡಿಸುವುದು ಆ ಜೀವಕೋಶವೇ, ತನ್ನದೇ ದುರಸ್ತಿ ವ್ಯವಸ್ಥೆಯಿಂದ. ಅದು ಕೆಲವೊಮ್ಮೆ ನಾವು ಕೊಟ್ಟ ತುಣುಕನ್ನು ಸರಿಯಾಗಿ ಸೇರಿಸಿಕೊಳ್ಳುತ್ತದೆ, ಕೆಲವೊಮ್ಮೆ ಒಂದೆರಡು ಅಕ್ಷರ ಬಿಟ್ಟು ಹೊಲಿಯುತ್ತದೆ, ಕೆಲವೊಮ್ಮೆ ಕತ್ತರಿ ಬೇರೆಲ್ಲೋ ಬಿದ್ದಿರುತ್ತದೆ. ಹಾಗಾಗಿ ಪ್ರಯೋಗಾಲಯದ ದಿನಗಳೆಲ್ಲ ತಟ್ಟೆಗಳನ್ನು ಎಣಿಸುತ್ತ, ತಿದ್ದುಪಡಿ ಹಿಡಿಯದ ಕೋಶಗಳನ್ನು ಬೇರ್ಪಡಿಸುತ್ತ ಕಳೆಯುತ್ತವೆ. ಪತ್ರಿಕೆಗಳ ಚಿತ್ರಗಳಲ್ಲಿ ಡಿಎನ್‌ಎ ಏಣಿಯನ್ನು ನಾಜೂಕಾಗಿ ಕತ್ತರಿಸುವ ಕೈ ಮಾತ್ರ ಕಾಣುತ್ತದೆ. ಎದುರಿಗಿರುವ ಜೀವ ತನ್ನಿಚ್ಛೆಯಂತೆ ವರ್ತಿಸುತ್ತದೆ ಎಂಬುದು ಕಾಣುವುದಿಲ್ಲ. ಈ ಅನಿಶ್ಚಿತತೆಯೇ ನೀತಿಯ ಪ್ರಶ್ನೆಗಳೆಲ್ಲದರ ತಾಯಿಬೇರು. 2018ರ ನವೆಂಬರ್‌ನಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ಭ್ರೂಣದ ಹಂತದಲ್ಲೇ ಜೀನ್ ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆಂದು ಪ್ರಕಟಿಸಿದಾಗ ಜಗತ್ತಿನ ವಿಜ್ಞಾನಿಗಳೇ ಬೆಚ್ಚಿಬಿದ್ದದ್ದು ಇದೇ ಕಾರಣಕ್ಕೆ. ಆತನಿಗೆ ಮರುವರ್ಷ ಮೂರು ವರ್ಷದ ಜೈಲುಶಿಕ್ಷೆಯಾಯಿತು. ಮಕ್ಕಳ ಜೀನೋಮಿನಲ್ಲಿ ಆದದ್ದನ್ನು ಹಿಂದಕ್ಕೆ ತರಲು ಯಾವ ನ್ಯಾಯಾಲಯಕ್ಕೂ ಸಾಧ್ಯವಿರಲಿಲ್ಲ.

ಇತಿಹಾಸದ ಮೊದಲ ಹೆಜ್ಜೆಗಳಲ್ಲೇ ಈ ಕೂಡುಕೆಲಸದ ಶಕ್ತಿ ಕಾಣಿಸಿಕೊಂಡಿತ್ತು. 1980ರ ದಶಕದ ಮಧ್ಯದಲ್ಲಿ ಅಮೆರಿಕದ ಕಲಾವಿದ ಜೋ ಡೇವಿಸ್ ಹಾರ್ವರ್ಡ್‌ನ ತಳಿವಿಜ್ಞಾನಿ ಡೇನಾ ಬಾಯ್ಡ್ ಜೊತೆ ಸೇರಿ, ಭೂಮಿ ಮತ್ತು ಹೆಣ್ಣನ್ನು ಸೂಚಿಸುವ ಪುಟ್ಟ ಗುರುತೊಂದನ್ನು 28 ಅಕ್ಷರದ ಡಿಎನ್‌ಎ ತುಣುಕಾಗಿ ಮಾಡಿ ಬ್ಯಾಕ್ಟೀರಿಯಾದೊಳಗೆ ಸೇರಿಸಿದರು. ಹೆಸರು ‘ಮೈಕ್ರೋವೀನಸ್’. ಬಾಹ್ಯಾಕಾಶಕ್ಕೆ ಕಳಿಸಿದ ಪಯೊನೀರ್ ನೌಕೆಯ ಫಲಕದಲ್ಲಿ ಗಂಡಿನ ದೇಹವನ್ನು ಪೂರ್ತಿ ಬರೆದು ಹೆಣ್ಣಿನ ದೇಹವನ್ನು ಮಾತ್ರ ಅರೆಬರೆಯಾಗಿ ಬರೆದದ್ದಕ್ಕೆ ಅದು ಪ್ರತಿಭಟನೆ. ಡಿಎನ್‌ಎಯಲ್ಲಿ ಮಾಹಿತಿ ಬಚ್ಚಿಡುವ ತಂತ್ರದ ಇತಿಹಾಸ ಬರೆಯುವವರು ಇಂದು ಈ ಕೃತಿಯನ್ನು ಆರಂಭದಲ್ಲೇ ಹೆಸರಿಸುತ್ತಾರೆ. 2017ರಲ್ಲಿ ಜಾರ್ಜ್ ಚರ್ಚ್ ಅವರ ಹಾರ್ವರ್ಡ್ ತಂಡ ಹತ್ತೊಂಬತ್ತನೇ ಶತಮಾನದ ಛಾಯಾಗ್ರಾಹಕ ಮೈಬ್ರಿಜ್ ತೆಗೆದ ಓಡುವ ಕುದುರೆಯ ಐದು ಚೌಕಟ್ಟುಗಳನ್ನು ಕ್ರಿಸ್ಪರ್ ವ್ಯವಸ್ಥೆಯ ನೆರವಿನಿಂದ ಜೀವಂತ ಬ್ಯಾಕ್ಟೀರಿಯಾಗಳಲ್ಲಿ ಬರೆದಿಟ್ಟು, ಸುಮಾರು ಶೇ 90ರಷ್ಟು ನಿಖರವಾಗಿ ಮರಳಿ ಓದಿತು. ಡೇವಿಸ್ ಅದೇ ಚರ್ಚ್ ಅವರ ಪ್ರಯೋಗಾಲಯದೊಡನೆ ವರ್ಷಗಟ್ಟಲೆ ಒಡನಾಡಿದವರು. ಕಲೆ ವಿಜ್ಞಾನಕ್ಕೆ ಉಪಕಾರ ಮಾಡಿದ್ದಕ್ಕೆ ಇದು ಸಾಕ್ಷಿ ಎಂದು ಕೆಲವರು ಹಿಗ್ಗುತ್ತಾರೆ. ಉಪಕಾರ ನಿಜವೇ ಇರಬಹುದು. ಆದರೆ ಮೈಕ್ರೋವೀನಸ್‌ನ ತೂಕ ಅದರಲ್ಲಿಲ್ಲ. ಜೀವಿಯ ಒಳಗೆ ಏನನ್ನಾದರೂ ಬರೆಯಬಹುದು ಎಂದಾದ ಮೇಲೆ ಯಾರು ಬರೆಯಬೇಕು, ಯಾರ ದೇಹವನ್ನು ಅಳಿಸಬಾರದು ಎಂದು ಆ ಕೃತಿ ಅಷ್ಟು ಮೊದಲೇ ಕೇಳಿತ್ತು.

ಇನ್ನು ಅಲ್ಬಾ ಎಂಬ ಮೊಲದ ಪ್ರಕರಣ. ಇದನ್ನು ದಾಟಿ ಈ ವಿಷಯ ಬರೆಯುವಂತಿಲ್ಲ, ಏಕೆಂದರೆ ಆಕ್ಷೇಪಗಳೆಲ್ಲ ಇಲ್ಲಿಂದಲೇ ಶುರುವಾಗುತ್ತವೆ. ಬ್ರೆಜಿಲ್ ಮೂಲದ ಕಲಾವಿದ ಎಡ್ವಾರ್ಡೊ ಕಾಟ್ಸ್ 2000ದಲ್ಲಿ, ಅಂಬಲಿ ಮೀನಿನ ಹೊಳೆಯುವ ಪ್ರೋಟೀನಿನ ಜೀನ್ ಹೊತ್ತ ಬಿಳಿ ಮೊಲವೊಂದನ್ನು ತಮ್ಮ ಕೃತಿಯೆಂದು ಸಾರಿದರು. ನೀಲಿ ಬೆಳಕಿನಡಿ ಮೈಯೆಲ್ಲ ಹಸಿರಾಗಿ ಹೊಳೆಯುವ ಮೊಲದ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಮೊಲವಿದ್ದದ್ದು ಫ್ರಾನ್ಸಿನ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ, ವಿಜ್ಞಾನಿ ಲೂಯಿ-ಮರೀ ಹೂಡೆಬೀನ್ ಅವರ ಬಳಿ. ಅದನ್ನು ಷಿಕಾಗೊದ ತಮ್ಮ ಮನೆಗೊಯ್ದು ಮನೆಯವರಲ್ಲಿ ಒಂದಾಗಿ ಸಾಕುತ್ತೇನೆಂದು ಕಾಟ್ಸ್ ಹೇಳಿದರು, ಸಂಸ್ಥೆ ಕೊಡಲಿಲ್ಲ. ಮೊಲವನ್ನು ಕಲಾವಿದನಿಗಾಗಿ ಹುಟ್ಟಿಸಿರಲಿಲ್ಲ, ಸಂಶೋಧನೆಗೆಂದು ಮೊದಲೇ ಇದ್ದದ್ದು ಎಂದು ಹೂಡೆಬೀನ್ ಆಮೇಲೆ ಹೇಳಿದರು. ಕೂದಲು ಜೀವವಿಲ್ಲದ ವಸ್ತು, ಚಿತ್ರದಲ್ಲಿರುವಂತೆ ಅದು ಒಂದೇ ಸಮನೆ ಹೊಳೆಯಲಾರದು ಎಂದೂ ಹೇಳಿದರು. ಇಬ್ಬರ ಮಾತುಗಳು ಎಂದೂ ಪೂರ್ತಿ ತಾಳೆಯಾಗಲಿಲ್ಲ. ಕಲಾವಿದರು ವಿಜ್ಞಾನವನ್ನು ತಿರುಚುತ್ತಾರೆ, ಜನರನ್ನು ಹೆದರಿಸುತ್ತಾರೆ ಅಥವಾ ಮರುಳು ಮಾಡುತ್ತಾರೆ ಎನ್ನುವ ವಿಜ್ಞಾನಿಗಳಿಗೆ ಅಲ್ಬಾ ಇವತ್ತಿಗೂ ಸಿದ್ಧ ಉದಾಹರಣೆ. ಆಕ್ಷೇಪದಲ್ಲಿ ಹುರುಳಿದೆ. ಚಿತ್ರ ಮೊಲಕ್ಕಿಂತ ದೊಡ್ಡದಾದದ್ದು ಆ ಕೃತಿಯ ದೋಷವೇ. ಆದರೂ ಅಂಥ ಮೊಲಗಳು ಪ್ರಯೋಗಾಲಯಗಳಲ್ಲಿ ಇವೆ ಎಂಬುದೇ ಅದುವರೆಗೆ ಎಷ್ಟು ಜನಕ್ಕೆ ಗೊತ್ತಿತ್ತು? ತಿದ್ದಿದ ಪ್ರಾಣಿಯ ಬಗ್ಗೆ ನಮಗೆ ಜವಾಬ್ದಾರಿ ಇದೆಯೇ, ಅದು ಉಪಕರಣವೋ ಸಾಕುಪ್ರಾಣಿಯೋ ಎಂದು ಸಂಸ್ಥೆ ತಾನಾಗಿ ಜನರನ್ನು ಕೇಳುತ್ತಿರಲಿಲ್ಲ.

ತಿರುಚುವಿಕೆಯ ಆಕ್ಷೇಪಕ್ಕೆ ಇನ್ನೂ ಗಟ್ಟಿಯಾದ ಉತ್ತರ ಬೇರೊಂದು ಕೃತಿಯಲ್ಲಿದೆ. ಹವಾಯಿಯ ಮಾವಿ ದ್ವೀಪದಲ್ಲಿ ದಾಸವಾಳದ ಜಾತಿಗೆ ಹತ್ತಿರದ ಒಂದು ಮರವಿತ್ತು. ದನಗಳ ದೊಡ್ಡ ಫಾರಂಗಳಿಗೆ ಅದರ ಕಾಡು ಬಲಿಯಾಗಿ, 1912ರ ಹೊತ್ತಿಗೆ ಕೊನೆಯ ಮರವೂ ಸಾಯುತ್ತಿತ್ತು. ಒಣಗಿಸಿಟ್ಟ ಒಂದು ಮಾದರಿ ಹಾರ್ವರ್ಡ್‌ನ ಸಸ್ಯಸಂಗ್ರಹದಲ್ಲಿ ಉಳಿದಿತ್ತು. ಕಲಾವಿದೆಯರಾದ ಅಲೆಕ್ಸಾಂಡ್ರಾ ಡೈಸಿ ಗಿನ್ಸ್‌ಬರ್ಗ್ ಮತ್ತು ಸಿಸೆಲ್ ಟೋಲಾಸ್, ಗಿಂಕ್ಗೊ ಬಯೊವರ್ಕ್ಸ್ ಕಂಪನಿಯ ವಿಜ್ಞಾನಿ ಕ್ರಿಸ್ಟಿನಾ ಅಗಪಾಕಿಸ್ ಅವರ ತಂಡದೊಡನೆ ಆ ಒಣ ಎಲೆಯ ಚೂರುಗಳಿಂದ ಡಿಎನ್‌ಎ ತೆಗೆದರು. ಪರಿಮಳದ ಅಣುಗಳನ್ನು ತಯಾರಿಸುವ ಕಿಣ್ವಗಳ ಜೀನುಗಳನ್ನು ಊಹಿಸಿ, ಯೀಸ್ಟ್ ಕೋಶಗಳಲ್ಲಿ ಇಟ್ಟು, ಯಾವ ಅಣುಗಳು ಬರುತ್ತವೆಂದು ನೋಡಿದರು. ಅದೇ ಬಗೆಯ ಅಣುಗಳನ್ನು ಬೆರೆಸಿ ಟೋಲಾಸ್ ಪರಿಮಳ ಕಟ್ಟಿದರು. 2019ರ ಹೊತ್ತಿಗೆ ಪ್ರದರ್ಶನಕ್ಕೆ ಬಂದ ‘ರೆಸರೆಕ್ಟಿಂಗ್ ದ ಸಬ್ಲೈಮ್’ನಲ್ಲಿ ನೋಡುಗರು ಆ ಕಳೆದುಹೋದ ಹೂವಿನ ವಾಸನೆಯನ್ನು ಉಸಿರಾಡಬಹುದು. ನನ್ನ ಮಟ್ಟಿಗೆ ಈ ಕೃತಿಯ ಜೀವಾಳವಿರುವುದು ಕಲಾವಿದರು ತಾವಾಗಿ ಒಪ್ಪಿಕೊಂಡ ಒಂದು ಮಿತಿಯಲ್ಲಿ. ಯಾವ ಅಣುಗಳು ಇದ್ದಿರಬಹುದೆಂದು ಡಿಎನ್‌ಎ ಸೂಚಿಸುತ್ತದೆ, ಎಷ್ಟೆಷ್ಟಿದ್ದವು ಎಂದು ಹೇಳುವುದಿಲ್ಲ. ಹಾಗಾಗಿ ಇದು ಆ ಹೂವಿನ ವಾಸನೆಯಲ್ಲ, ಹತ್ತಿರದ ಊಹೆ ಮಾತ್ರ ಎಂದು ಅವರೇ ಹೇಳುತ್ತಾರೆ. ಇದರ ಪಕ್ಕದಲ್ಲಿ 2025ರ ಏಪ್ರಿಲ್‌ನ ಸುದ್ದಿಯನ್ನಿಟ್ಟು ನೋಡಿ. ಕೊಲೊಸಲ್ ಬಯೊಸೈನ್ಸಸ್ ಎಂಬ ಕಂಪನಿ ಸಾವಿರಾರು ವರ್ಷಗಳ ಹಿಂದೆ ಅಳಿದ ಡೈರ್ ತೋಳವನ್ನು ಮರಳಿ ತಂದೆವೆಂದು ಸಾರಿತು. ಅದು ಮಾಡಿದ್ದು ಇಂದಿನ ಬೂದು ತೋಳದ 14 ಜೀನುಗಳಲ್ಲಿ 20 ತಿದ್ದುಪಡಿ. ಅವು ಡೈರ್ ತೋಳಗಳಲ್ಲ ಎಂದು ವನ್ಯಜೀವಿ ತಜ್ಞರು ಹೇಳಬೇಕಾಯಿತು. ವಿಜ್ಞಾನದ ಮಿತಿಯನ್ನು ಜನರ ಮುಂದೆ ಪ್ರಾಮಾಣಿಕವಾಗಿ ಇಟ್ಟವರು ಈ ಇಬ್ಬರಲ್ಲಿ ಯಾರು?

ಆದರೆ ಗಿಂಕ್ಗೊ ಕೂಡ ಕಂಪನಿಯೇ. ಇಲ್ಲಿ ಎರಡನೆಯ, ಹೆಚ್ಚು ಗಂಭೀರವಾದ ಆಕ್ಷೇಪ ಏಳುತ್ತದೆ: ಕಲಾವಿದರು ತಂತ್ರಜ್ಞಾನ ಕಂಪನಿಗಳ ಪ್ರಚಾರಕ್ಕೆ ಬಣ್ಣ ಬಳಿಯುತ್ತಿದ್ದಾರೆ. ಜೀನು ತಿದ್ದುವ ಉದ್ಯಮಕ್ಕೆ ಜನರ ವಿಶ್ವಾಸ ಬೇಕು, ಸುಂದರ ಕೃತಿಗಳು ಅದನ್ನು ಅಗ್ಗವಾಗಿ ತಂದುಕೊಡುತ್ತವೆ. ಈ ಅಪಾಯವನ್ನು ನಾನು ಚಿಕ್ಕದು ಮಾಡುವುದಿಲ್ಲ. ಕೂಡುಕೆಲಸದ ಗುಣ ಅದರ ಕರಾರಿನಲ್ಲೇ ತೀರ್ಮಾನವಾಗುತ್ತದೆ. ಕೃತಿಯ ಹಕ್ಕು ಯಾರದ್ದು? ಪ್ರದರ್ಶನಕ್ಕೆ ಮೊದಲು ಸಂಸ್ಥೆಯ ಒಪ್ಪಿಗೆ ಬೇಕೇ? ಪ್ರಯೋಗ ವಿಫಲವಾದರೆ ಅದನ್ನೂ ತೋರಿಸಬಹುದೇ? ಈ ಪ್ರಶ್ನೆಗಳಿಗೆ ಕಲಾವಿದರ ಪರವಾದ ಉತ್ತರವಿಲ್ಲದಿದ್ದರೆ ಅಂಥ ಆಹ್ವಾನವನ್ನು ತಿರಸ್ಕರಿಸುವುದೇ ಸರಿ. ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಶುರುವಾದ ಸಿಂಬಯೊಟಿಕಾ ಕೇಂದ್ರ ಇದಕ್ಕೊಂದು ದಾರಿ ತೋರಿಸಿತು: ಅಲ್ಲಿ ಕಲಾವಿದರು ಅತಿಥಿಗಳಾಗಿ ಬಂದು ಹೋಗುವುದಕ್ಕಿಂತ ಸಂಶೋಧಕರಾಗಿ ನೆಲೆನಿಂತು ಪೈಪೆಟ್ ಹಿಡಿದರು, ನೀತಿ ಸಮಿತಿಗೆ ಅರ್ಜಿ ಬರೆದರು. ಆ ಕೇಂದ್ರದ ಓರಾನ್ ಕ್ಯಾಟ್ಸ್ ಮತ್ತು ಇಯೊನಾಟ್ ಜುರ್ ಜೀವಕೋಶಗಳನ್ನು ಬೆಳೆಸಿ ‘ವಿಕ್ಟಿಮ್‌ಲೆಸ್ ಲೆದರ್’ ಎಂಬ ಬೊಂಬೆ ಗಾತ್ರದ ಅಂಗಿ ಮಾಡಿದ್ದರು. ಪ್ರಾಣಿಹಿಂಸೆಯಿಲ್ಲದ ಚರ್ಮ ಎಂಬ ಉದ್ಯಮದ ಭರವಸೆಯನ್ನು ಪರೀಕ್ಷೆಗೊಡ್ಡುವ ಕೃತಿ. 2008ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿ ಅದು ಅಂಕೆ ಮೀರಿ ಬೆಳೆಯತೊಡಗಿತು. ಕೋಶಗಳಿಗೆ ಉಣಿಸುತ್ತಿದ್ದ ದ್ರವವನ್ನು ನಿಲ್ಲಿಸುವ ನಿರ್ಧಾರವನ್ನು ಕ್ಯುರೇಟರ್ ಪಾವೊಲಾ ಆಂಟೊನೆಲ್ಲಿ ತೆಗೆದುಕೊಳ್ಳಬೇಕಾಯಿತು, ಆ ನಿರ್ಧಾರ ಅವರಿಗೆ ಸಲೀಸಾಗಿರಲಿಲ್ಲ. ಜೀವವನ್ನು ಕಲೆಗಾಗಿ ಬಳಸುವುದು ಕ್ರೌರ್ಯವಲ್ಲವೇ ಎಂಬ ಮೂರನೆಯ ಆಕ್ಷೇಪಕ್ಕೂ ಇಲ್ಲಿ ಒಂದು ಮಟ್ಟಿನ ಉತ್ತರವಿದೆ. ಸಂಶೋಧನೆಗಾಗಿ ದಿನವೂ ಸಾಯುವ ಇಲಿ, ಮೊಲಗಳ ಲೆಕ್ಕ ನೋಡುಗರ ಕಣ್ಣಿಗೆ ಬೀಳುವುದಿಲ್ಲ. ಮ್ಯೂಸಿಯಂನಲ್ಲಿ ಒಂದು ಅರೆಜೀವವನ್ನು ನಿಲ್ಲಿಸಿದ್ದು ಎಲ್ಲರಿಗೂ ಕಂಡಿತು. ಆದರೂ ನೋವುಣ್ಣುವ ಪ್ರಾಣಿಯನ್ನು ಕೃತಿಗೆಂದೇ ಹುಟ್ಟಿಸುವುದನ್ನು ನಾನು ಒಪ್ಪಲಾರೆ. ಬ್ಯಾಕ್ಟೀರಿಯಾ, ಯೀಸ್ಟ್, ಜೀವಕೋಶಗಳಷ್ಟೇ ಸಾಕು, ಹೇಳಬೇಕಾದ್ದನ್ನೆಲ್ಲ ಅವುಗಳಲ್ಲೇ ಹೇಳಬಹುದು.

ವಿರೋಧಿಸುವ ಸ್ವಾತಂತ್ರ್ಯಕ್ಕೆ ಬೆಲೆ ತೆರಬೇಕಾಗಿಯೂ ಬರುತ್ತದೆ. ಅಮೆರಿಕದ ಬಫಲೊ ನಗರದ ಕಲಾವಿದ ಸ್ಟೀವ್ ಕರ್ಟ್ಜ್ ತಮ್ಮ ಗುಂಪಿನೊಡನೆ ಕುಲಾಂತರಿ ಆಹಾರ ಮತ್ತು ಜೈವಿಕ ಅಸ್ತ್ರಗಳ ರಾಜಕೀಯದ ಮೇಲೆ ಕೃತಿಗಳನ್ನು ಮಾಡುತ್ತಿದ್ದರು. 2004ರ ಮೇ ತಿಂಗಳಲ್ಲಿ ಅವರ ಹೆಂಡತಿ ಹೃದಯ ನಿಂತು ತೀರಿಕೊಂಡಾಗ ಮನೆಗೆ ಬಂದವರು ಅಲ್ಲಿದ್ದ ಬ್ಯಾಕ್ಟೀರಿಯಾ ತಟ್ಟೆಗಳನ್ನು ಕಂಡು ಗಾಬರಿಯಾದರು, ಎಫ್‌ಬಿಐ ಬಂತು. ಭಯೋತ್ಪಾದನೆಯ ಗುಮಾನಿಗೆ ಆಧಾರ ಸಿಗಲಿಲ್ಲ. ನಿರಪಾಯಕಾರಿ ಬ್ಯಾಕ್ಟೀರಿಯಾ ತರಿಸಿಕೊಟ್ಟ ತಳಿವಿಜ್ಞಾನಿ ರಾಬರ್ಟ್ ಫೆರೆಲ್ ಮೇಲೂ ಕರ್ಟ್ಜ್ ಮೇಲೂ ಅಂಚೆ ವಂಚನೆಯ ಮೊಕದ್ದಮೆ ಹೂಡಲಾಯಿತು. ಕರ್ಟ್ಜ್ ಮೇಲಿನ ಪ್ರಕರಣವನ್ನು ನ್ಯಾಯಾಲಯ ವಜಾ ಮಾಡಿದ್ದು 2008ರಲ್ಲಿ. ಹೀಗಿದ್ದೂ ಕಲಾವಿದರು ಬಿಟ್ಟುಕೊಡಲಿಲ್ಲ. ಹೆದರ್ ಡ್ಯೂಯಿ-ಹ್ಯಾಗ್‌ಬೋರ್ಗ್ 2012ರಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಬಿದ್ದಿದ್ದ ಕೂದಲು, ಚ್ಯೂಯಿಂಗ್ ಗಮ್, ಸಿಗರೇಟಿನ ತುಂಡುಗಳಿಂದ ಡಿಎನ್‌ಎ ತೆಗೆದು, ಅವನ್ನು ಬಿಸುಟವರ ಮುಖ ಹೀಗಿರಬಹುದೆಂದು ಊಹಿಸಿ 3ಡಿ ಮುದ್ರಣದಲ್ಲಿ ಮುಖಗಳನ್ನು ಮಾಡಿದರು. ಇಂಥ ಮುಖಗಳು ನಂಬಲರ್ಹವಲ್ಲ, ಆದರೂ ಯಾರಾದರೂ ಹೀಗೆ ಬಳಸಬಹುದು ಎಂಬುದೇ ಅವರ ಎಚ್ಚರಿಕೆ. ಕೆಲವೇ ವರ್ಷಗಳಲ್ಲಿ ಅಮೆರಿಕದ ಪೊಲೀಸರು ಖಾಸಗಿ ಕಂಪನಿಯೊಂದು ಡಿಎನ್‌ಎಯಿಂದ ಬರೆದುಕೊಟ್ಟ ಮುಖಗಳನ್ನು ಶಂಕಿತರ ಚಿತ್ರವೆಂದು ಪ್ರಕಟಿಸತೊಡಗಿದರು. 2017ರಲ್ಲಿ ಅದೇ ಕಲಾವಿದೆ, ಅಮೆರಿಕದ ಸೇನಾ ರಹಸ್ಯಗಳನ್ನು ಬಯಲು ಮಾಡಿ ಜೈಲು ಸೇರಿದ್ದ ಚೆಲ್ಸಿ ಮ್ಯಾನಿಂಗ್ ಕಳಿಸಿಕೊಟ್ಟ ಒಂದೇ ಡಿಎನ್‌ಎ ಮಾದರಿಯಿಂದ 30 ಬೇರೆ ಬೇರೆ ಮುಖಗಳನ್ನು ಮಾಡಿ ತೂಗುಹಾಕಿದರು. ಜೀನು ಮನುಷ್ಯನನ್ನು ಪೂರ್ತಿ ಬರೆದಿಟ್ಟಿರುತ್ತದೆಂಬ ನಂಬಿಕೆಯನ್ನು ಇಷ್ಟು ನೇರವಾಗಿ ಅಲುಗಾಡಿಸಿದ ಇನ್ನೊಂದು ಕೃತಿ ನನಗೆ ಗೊತ್ತಿಲ್ಲ.

ರೋಗಿಗಳು ಕಾಯುತ್ತಿರುವಾಗ ಕಲೆಯ ಮಾತೇಕೆ ಎನ್ನುವವರಿದ್ದಾರೆ. ಸಿಕಲ್ ಸೆಲ್ ಕಾಯಿಲೆಗೆ ಕ್ರಿಸ್ಪರ್ ಆಧರಿಸಿದ ಮೊದಲ ಚಿಕಿತ್ಸೆಗೆ 2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಒಪ್ಪಿಗೆ ಸಿಕ್ಕಿದ್ದು ನಿಜಕ್ಕೂ ದೊಡ್ಡ ಸಂಗತಿ. ಆಗ ಅಮೆರಿಕದಲ್ಲಿ ಅದಕ್ಕೆ ಇಟ್ಟ ಬೆಲೆ 22 ಲಕ್ಷ ಡಾಲರ್, ಅಂದಿನ ನಮ್ಮ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ. ಇದೇ ಕಾಯಿಲೆ ಕರ್ನಾಟಕದ ಕಾಡಂಚಿನ ಬುಡಕಟ್ಟುಗಳಲ್ಲೂ ಇದೆ. ಔಷಧ ಯಾರನ್ನು ತಲುಪಬೇಕು ಎಂಬ ಪ್ರಶ್ನೆಯನ್ನು ಪ್ರಯೋಗಾಲಯ ಒಂದೇ ಉತ್ತರಿಸಲಾರದು. ಅದು ಸಮಾಜದ ಪ್ರಶ್ನೆ, ಮತ್ತು ಸಮಾಜ ಕೇಳಬೇಕಾದರೆ ಅದಕ್ಕೆ ವಿಷಯ ಮೊದಲೇ ಕಣ್ಣಿಗೆ ಬಿದ್ದಿರಬೇಕು.

ನಮ್ಮಲ್ಲಿ ವಿಷಯ ಯಾವಾಗಲೂ ತಡವಾಗಿಯೇ ಕಣ್ಣಿಗೆ ಬಿದ್ದಿದೆ. 1998ರಲ್ಲಿ ರಾಯಚೂರು ಸೀಮೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಹೊಲಗಳಿಗೆ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ರೈತಸಂಘ ಬೆಂಕಿಯಿಟ್ಟಾಗಲೇ ಅಂಥ ಪ್ರಯೋಗ ನಡೆಯುತ್ತಿದೆಯೆಂದು ನಾಡಿನ ಹೆಚ್ಚಿನವರಿಗೆ ತಿಳಿದದ್ದು. ಬಿಟಿ ಬದನೆಯ ವಿಷಯದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸ್ಥಳೀಯ ತಳಿಗಳಿಗೂ ಆ ಜೀನ್ ಸೇರಿಸುವ ಕೆಲಸದಲ್ಲಿ ತೊಡಗಿತ್ತು. ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸಿ ಆಗಿನ ಕೇಂದ್ರ ಸಚಿವ ಜೈರಾಂ ರಮೇಶ್ 2010ರ ಫೆಬ್ರವರಿಯಲ್ಲಿ ಅದಕ್ಕೆ ತಡೆ ಹಾಕುವ ಹೊತ್ತಿಗೆ ಬೀಜ ಸಿದ್ಧವಾಗಿತ್ತು. ಆ ಸಭೆಗಳಲ್ಲಿ ಕೇಳಿದ್ದು ಬಹುಪಾಲು ಕೂಗಾಟ, ಏಕೆಂದರೆ ಮಾತುಕತೆಯ ಕಾಲ ದಾಟಿಹೋಗಿತ್ತು. ಈಗ ಜೀನು ತಿದ್ದಿದ ಬೆಳೆಗಳ ಸರದಿ. ಹೊರಗಿನ ಜೀನ್ ಉಳಿಯದ ತಿದ್ದುಪಡಿಗಳಿಗೆ ಕೇಂದ್ರ ಸರ್ಕಾರ 2022ರ ಮಾರ್ಚ್‌ನಲ್ಲಿ ಕುಲಾಂತರಿ ನಿಯಮಗಳಿಂದ ವಿನಾಯಿತಿ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಅಂಥ ಎರಡು ಭತ್ತದ ತಳಿಗಳು ಪ್ರಕಟವಾದವು. ಅವುಗಳಲ್ಲಿ ‘ಕಮಲಾ’ ಹುಟ್ಟಿದ್ದು ತುಂಗಭದ್ರಾ ಅಚ್ಚುಕಟ್ಟಿನ ರೈತರು ಬಿಪಿಟಿ ಎಂದು ಕರೆಯುವ ಸಾಂಬಾ ಮಸೂರಿಯಿಂದ. ಆ ತಳಿ ಒಳ್ಳೆಯದೇ ಇರಬಹುದು, ನನ್ನ ತಕರಾರು ಅದರ ಗುಣದ ಬಗ್ಗೆ ಅಲ್ಲ. ದಿನವೂ ಉಣ್ಣುವ ಅನ್ನದ ಬಗ್ಗೆ ಒಂದು ನಾಟಕ, ಒಂದು ಚಿತ್ರ, ಒಂದು ಪ್ರದರ್ಶನ ಕೂಡ ಆ ತಳಿಯ ಜೊತೆಜೊತೆಗೆ ಬೆಳೆಯಲಿಲ್ಲ ಎಂಬುದು ನನ್ನ ಕೊರಗು.

ಸಾಮರ್ಥ್ಯ ನಮ್ಮಲ್ಲಿಲ್ಲದೆ ಹೀಗಾಗಿಲ್ಲ. 2009ರಲ್ಲೇ ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಕಲಾವಿದ ಯಶಸ್ ಶೆಟ್ಟಿ ಅವರ ಮಾರ್ಗದರ್ಶನದಲ್ಲಿ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ನೆರವು ಪಡೆದು, ಮೊದಲ ಮಳೆಗೆ ನೆಲದಿಂದೇಳುವ ಮಣ್ಣಿನ ವಾಸನೆಯನ್ನು ಬ್ಯಾಕ್ಟೀರಿಯಾದಿಂದ ಹೊರಡಿಸುವ ಯೋಜನೆಯನ್ನು ಹಿಡಿದು, ಅಮೆರಿಕದಲ್ಲಿ ನಡೆದ ಜೀನ್ ಎಂಜಿನಿಯರಿಂಗ್‌ನ ವಿದ್ಯಾರ್ಥಿ ಸ್ಪರ್ಧೆ ಐಜೆಮ್‌ಗೆ ಹೋಗಿದ್ದರು. ಆ ವಾಸನೆಗೆ ಕಾರಣವಾದ ಜಿಯೊಸ್ಮಿನ್ ಎಂಬ ಅಣುವನ್ನು ಮಣ್ಣಿನ ಸೂಕ್ಷ್ಮಾಣುಗಳು ತಯಾರಿಸುತ್ತವೆ. ಎಂಜಿನಿಯರುಗಳು, ಜೀವವಿಜ್ಞಾನಿಗಳು ತುಂಬಿದ್ದ ಆ ಸ್ಪರ್ಧೆಯಲ್ಲಿ ಕಲಾಶಾಲೆಯ ಮಕ್ಕಳು ಮಳೆಯ ವಾಸನೆಯನ್ನು ಆರಿಸಿಕೊಂಡರು ಎಂಬುದೇ ಹೊಸದೊಂದು ಆಯ್ಕೆ. 2024ರಲ್ಲಿ ಬೆಂಗಳೂರಿನಲ್ಲಿ ಸೈನ್ಸ್ ಗ್ಯಾಲರಿ ರಾಜ್ಯ ಸರ್ಕಾರದ ಬೆಂಬಲದೊಡನೆ ತನ್ನ ಸ್ವಂತ ಕಟ್ಟಡದಲ್ಲಿ ಬಾಗಿಲು ತೆರೆಯಿತು. ಕಲಾವಿದರಿಗೂ ವಿಜ್ಞಾನಿಗಳಿಗೂ ಅಲ್ಲಿ ಜಾಗವಿದೆ. ಆದರೆ ಇವೆಲ್ಲ ಬೆಂಗಳೂರಿನ ಮಾತು, ಬಹುಮಟ್ಟಿಗೆ ಇಂಗ್ಲಿಷಿನ ಮಾತು. ಕೃಷಿಯ ಅಂಗಳದಲ್ಲೂ ಇದು ಸಾಧ್ಯ ಎಂಬುದಕ್ಕೆ ಅಮೆರಿಕದಲ್ಲಿ ಉದಾಹರಣೆಯಿದೆ. ನಾರ್ತ್ ಕೆರೊಲಿನಾ ಸ್ಟೇಟ್ ಕೃಷಿಯಲ್ಲೇ ಬೇರೂರಿದ ವಿಶ್ವವಿದ್ಯಾಲಯ. ಅಲ್ಲಿನ ಜೆನೆಟಿಕ್ ಎಂಜಿನಿಯರಿಂಗ್ ಮತ್ತು ಸಮಾಜ ಅಧ್ಯಯನ ಕೇಂದ್ರ 2019ರಲ್ಲಿ ಜೋ ಡೇವಿಸ್ ಮೊದಲಾದವರ ಕೃತಿಗಳನ್ನು ಕ್ಯಾಂಪಸ್ಸಿನ ಮ್ಯೂಸಿಯಂನಲ್ಲೇ ತೋರಿಸಿತು, ಬೆಳೆಗಳ ಜೀನು ತಿದ್ದುವ ವಿಜ್ಞಾನಿಗಳು ಅವನ್ನು ತಮ್ಮ ಅಂಗಳದಲ್ಲೇ ಎದುರಿಸಬೇಕಾಯಿತು. ನಮ್ಮ ಕೃಷಿ ವಿಶ್ವವಿದ್ಯಾಲಯಗಳನ್ನು ಕಟ್ಟಿದ್ದೇ ಅಮೆರಿಕದ ಅಂಥ ವಿಶ್ವವಿದ್ಯಾಲಯಗಳ ಮಾದರಿಯಲ್ಲಿ. ಬೆಂಗಳೂರು, ಧಾರವಾಡ, ರಾಯಚೂರುಗಳ ಕುಲಪತಿಗಳಲ್ಲಿ ನನ್ನ ವಿನಂತಿ ಇಷ್ಟು: ಜೀನು ತಿದ್ದುವ ನಿಮ್ಮ ಪ್ರತಿ ಯೋಜನೆಯಲ್ಲೂ ಒಬ್ಬ ಕನ್ನಡದ ಕಲಾವಿದನಿಗೋ ಕಲಾವಿದೆಗೋ, ಒಂದು ರಂಗತಂಡಕ್ಕೋ ಮೊದಲ ದಿನದಿಂದಲೇ ಜಾಗ ಕೊಡಿ. ಪ್ರಯೋಗಾಲಯದ ಬೀಗದ ಕೈಯನ್ನೂ ಕೊಡಿ, ಬೇಡ ಎನ್ನುವ ಹಕ್ಕನ್ನೂ ಕರಾರಿನಲ್ಲಿ ಬರೆದುಕೊಡಿ. ಅವರು ಮಾಡಿದ್ದನ್ನು ಮೇಳದಲ್ಲಿ, ಸಂತೆಯಲ್ಲಿ, ಊರ ಶಾಲೆಯಲ್ಲಿ ರೈತರ ಮುಂದಿಡಿ. ಮುಂದಿನ ತಳಿಯ ಬೀಜ ಹೊಲಕ್ಕಿಳಿಯುವ ಮೊದಲೇ ಇದು ಆಗಬೇಕು.